ಸೋದರಮಾವನ ತಾಲೀಮು

ಈ ಲೋಕದಲ್ಲಿ ಭಾರ ಹೊರುವವರು ಇಬ್ಬರೇ. ಒಬ್ಬ ಭೂಮಿಯನ್ನು ಹೊತ್ತ ಆದಿಶೇಷ, ಇನ್ನೊಬ್ಬ ಸಿಂಧನೂರಿನ ಪಂಪಾಪತಿ, ಅಂದರೆ ನಾನು! ಐವತ್ತೆಂಟಾದರೂ ಮನೆಯ ಗ್ಯಾಸ್ ಸಿಲಿಂಡರನ್ನು ಇನ್ನೊಬ್ಬರಿಗೆ ಮುಟ್ಟಗೊಟ್ಟವನಲ್ಲ. ಕಚೇರಿಯಲ್ಲಿ ನಾನು ಎತ್ತುವ ಅತಿ ಭಾರದ ವಸ್ತು ಫೈಲು ಎಂಬ ಮಾತು ಉಂಟು. ಅದನ್ನು ಹೇಳುವವಳು ನನ್ನ ಹೆಂಡತಿ ಪದ್ಮಾವತಿ, ನಾನಲ್ಲ.

ಹೀಗಿರುವಾಗ ಮಸ್ಕಿಯಿಂದ ಅಕ್ಕನ ಫೋನು ಬಂತು. ಮಗಳು ಅಮರೇಶ್ವರಿ, ಅಂದರೆ ನಮ್ಮ ಅಮ್ಮುವಿನ ಮದುವೆ ನಿಕ್ಕಿಯಾಗಿದೆ! ನಮ್ಮ ಮನೆತನದಲ್ಲಿ ಮದುಮಗಳು ಹಂದರಕ್ಕೆ ನಡೆದು ಬರುವಂತಿಲ್ಲ. ಸೋದರಮಾವ ಎತ್ತಿಕೊಂಡು ಬರಬೇಕು. ಚಿಕ್ಕಪ್ಪನ ಮಗ ಅಯ್ಯಪ್ಪನೂ ಸೋದರಮಾವನೇ, ನಲವತ್ತು ತುಂಬದ ಗಟ್ಟಿ ಆಳು. ಆದರೆ ಅವನಿಗೆ ಯಾಕೆ ಬಿಟ್ಟುಕೊಡಲಿ? ಅಮ್ಮು ನಾಲ್ಕು ವರ್ಷದವಳಿದ್ದಾಗ ಅವಳಪ್ಪ ತೀರಿಕೊಂಡ. ಅವತ್ತು ಅತ್ತು ಅತ್ತು ಸುಸ್ತಾದ ಮಗುವನ್ನು ಹೆಗಲಿಗೆ ಹಾಕಿಕೊಂಡವನು ನಾನು. ಆಮೇಲೆ ಎಷ್ಟು ಸಲ ಎತ್ತಿದೆನೋ! ಈಗ ಇದು ಕೊನೆಯ ಸಲ. ಇದನ್ನೂ ಬೇರೆಯವರು ಮಾಡಿಬಿಟ್ಟರೆ ನಾನು ಅಕ್ಕಿಕಾಳು ಹಾಕಿ ಉಂಡು ಹೋಗುವ ನೆಂಟ, ಅಷ್ಟೇ.

"ನಾನೇ ಎತ್ತಾವ!" ಎಂದು ಘೋಷಿಸಿದೆ.

"ಹುಡುಗಿ ಈಗ ನಾಕು ವರ್ಷದಾಕಿ ಅಲ್ರೀ," ಎಂದಳು ಪದ್ಮಾವತಿ. "ಲಿಂಗಸುಗೂರಾಗ ಹೈಸ್ಕೂಲ್ ಟೀಚರ್ ಅದಾಳ."

"ಟೀಚರ್ ಆದ್ರ ತೂಕ ಹೆಚ್ಚಾಗತೈತೇನು?"

"ಆಕಿ ತೂಕ ಬಿಡ್ರಿ, ನಿಮ್ಮ ವಯಸ್ಸು ಹೆಚ್ಚಾಗೈತಿ! ಮೊನ್ನೆ ನೆಲಕ್ಕ ಕುಂತು ಉಂಡು, ಏಳಾಕ ಗ್ವಾಡಿ ಹಿಡಿದೋರು ಯಾರು?"

"ಗ್ವಾಡಿ ಬೀಳಂಗ ಕಾಣತಿತ್ತು, ಹಿಡಿದೆ!"

ಆದರೂ ಮನಸ್ಸಿನಲ್ಲಿ ಅಳುಕು ಹೊಕ್ಕಿತು. ತಾಲೀಮು ಮಾಡಬೇಕು! ತಾಲೀಮಿಗೆ ಭಾರ ಬೇಕು. ಭತ್ತದ ನಾಡಿನಲ್ಲಿ ಭಾರಕ್ಕೇನು ಬರ? ಸಾಲಗುಂದದಿಂದ ಬಂದ ಸೋನಾಮಸೂರಿ ಅಕ್ಕಿಯ ದೊಡ್ಡ ಚೀಲ ಪಡಸಾಲೆಯ ಮೂಲೆಯಲ್ಲಿ ನನ್ನನ್ನೇ ಕರೆಯುತ್ತಿತ್ತು. ಪದ್ಮಾವತಿ ಸಂತೆಗೆ ಹೋದದ್ದೇ ತಡ, ಬಾಗಿಲು ಮುಂದೆ ಮಾಡಿದೆ.

ಆಗ ನನ್ನ ಬುದ್ಧಿ ಇನ್ನೂ ಮುಂದಕ್ಕೆ ಓಡಿತು. ಮದುಮಗಳೇನು ಗೋಣಿ ಉಟ್ಟು ಬರುತ್ತಾಳೆಯೇ? ರೇಷ್ಮೆ ಸೀರೆ ಉಟ್ಟಿರುತ್ತಾಳೆ. ರೇಷ್ಮೆ ಜಾರುತ್ತದೆ! ತಾಲೀಮು ಎಂದ ಮೇಲೆ ಎಲ್ಲವೂ ಅಸಲಿನಂತೆಯೇ ಇರಬೇಕು. ಬೀರುವಿನಿಂದ ಪದ್ಮಾವತಿಯ ಮದುವೆ ಸೀರೆ ತೆಗೆದು ಚೀಲಕ್ಕೆ ಉಡಿಸಿದೆ. ನೆರಿಗೆ ಕೈಕೊಟ್ಟವು, ಸೆರಗು ಮಾತ್ರ ಬಹಳ ಚಂದ ಬಂತು.

ಹನುಮಪ್ಪನನ್ನು ನೆನೆದು ಎತ್ತಿದೆ. ಎದ್ದಿತು! ಪಡಸಾಲೆಯಲ್ಲಿ ಮದುವೆಯ ಗತ್ತಿನಲ್ಲಿ ಹೆಜ್ಜೆ ಹಾಕಿದೆ. ಕಿಟಕಿಯ ಹತ್ತಿರ ಬಂದು ತಿರುಗಬೇಕು, ಸೊಂಟದಲ್ಲಿ ಚಳಕ್ ಎಂದಿತು ನೋಡಿ! ಯಮಧರ್ಮ ಬೆನ್ನಿಗೆ ಬೀಗ ಹಾಕಿ ಬೀಗದಕೈ ಒಯ್ದಂತಾಯಿತು. ನೆಟ್ಟಗಾಗಲು ಬರದು, ಬಗ್ಗಲು ಬರದು. ಚೀಲ ಬಿಡೋಣವೆಂದರೆ ಕೆಳಗೆ ನನ್ನದೇ ಕಾಲು, ಮೇಲೆ ಹೆಂಡತಿಯ ಸೀರೆ! ಚೀಲವನ್ನು ಕಿಟಕಿಗೆ ಆನಿಸಿ, ಅಪ್ಪಿಕೊಂಡು ನಿಂತೆ.

ಪಕ್ಕದ ಮನೆಯ ಶಂಶಾದ್‌ಬೀ ಮೊಸರಿಗೆ ಹೆಪ್ಪು ಕೇಳಲು ಅದೇ ಗಳಿಗೆಯಲ್ಲಿ ಬರಬೇಕೇ? ಕಿಟಕಿಯಲ್ಲಿ ಇಣುಕಿದವಳೇ ಕೂಗಿದಳು:

"ಯಾ ಅಲ್ಲಾ! ಪದ್ಮಕ್ಕ ಸಂತಿಗೆ ಹೋಗ್ಯಾಳ, ಅಣ್ಣಾರು ಯಾರನ್ನೋ ತೆಕ್ಕಿಗೆ ಹಾಕ್ಕೊಂಡು ನಿಂತಾರ! ಅಯ್ಯ, ಆಕಿ ಗೋಣು ಚೆಲ್ಯಾಳ! ಜೀವ ಐತೋ ಇಲ್ಲೋ!"

ಓಣಿಗೆ ಓಣಿಯೇ ನೆರೆಯಿತು. ನಾನು ಬಾಯಿ ತೆರೆದರೆ "ಹಾ" ಬಿಟ್ಟು ಬೇರೆ ಅಕ್ಷರ ಬರುತ್ತಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು, ಕಾಯಿಪಲ್ಲೆ ಚೀಲದ ಸಮೇತ ಪದ್ಮಾವತಿ ಒಳಗೆ ಬಂದಳು.

"ಯಾರ್ರೀ ಆಕಿ?"

"ಆಕಿ ಅಲ್ಲ, ಅಕ್ಕಿ! ಮೊದ್ಲ ಹಿಡಿ, ಸಾಯಾಕತ್ತೀನಿ!"

"ಅಕ್ಕಿ ನನ್ನ ಮದುವಿ ಸೀರಿ ಯಾಕ ಉಟ್ಟೈತಿ?"

ಅವಳೂ ಶಂಶಾದ್‌ಬೀಯೂ ಸೇರಿ ಚೀಲ ಎಳೆದರು. ಸೀರೆ ಪರ್ರನೆ ಹರಿಯಿತು, ಚೀಲದ ಹೊಲಿಗೆ ಬಿಚ್ಚಿತು. ಮದುಮಗಳು ಪಡಸಾಲೆಯ ತುಂಬ ಚೆಲ್ಲಿಹೋದಳು.

ಡಾಕ್ಟರು ತಂಬಿಗೆ ನೀರಿಗಿಂತ ಭಾರದ್ದೇನನ್ನೂ ಎತ್ತಕೂಡದು ಎಂದು ಅಪ್ಪಣೆ ಮಾಡಿದರು. ಓಣಿಯವರೆಲ್ಲ ಮಾತಾಡಿಸಿಕೊಂಡು ಹೋದರು. ಅವರೆಲ್ಲ ನೋಡಿದ್ದು ನನ್ನನ್ನಲ್ಲ, ಸೀರೆಯನ್ನು. ಮಧ್ಯಾಹ್ನ ಪದ್ಮಾವತಿ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಸೊಂಟಕ್ಕೆ ಕಾವು ಕೊಟ್ಟಳು. ಆಮೇಲೆ ಮೊರ ಹಿಡಿದು, ಬಳಿದು ತಂದ ಅಕ್ಕಿ ಹಸನು ಮಾಡಲು ಕೂತಳು. ನಾನು ಗೋಡೆಯ ಕಡೆ ಮುಖ ಮಾಡಿದೆ.

"ನಗೋದಿದ್ರ ನಕ್ಕುಬಿಡು," ಎಂದೆ.

ಅವಳು ನಗಲಿಲ್ಲ. "ಸೀರಿ ಹೋದ್ರ ಹೋಗ್ಲಿ. ಈ ಚಳಕು ಹಂದರದಾಗ ಹೊಡದಿದ್ರ? ಹುಡುಗಿ ಬೀಳತಿತ್ತಲ್ರೀ."

ಅದು ನನಗೆ ಹೊಳೆದೇ ಇರಲಿಲ್ಲ. ಇಷ್ಟು ದಿನ ನನ್ನ ತೋಳಿನ ಬಗ್ಗೆ ಯೋಚಿಸಿದ್ದೆನೇ ಹೊರತು ಅದರಲ್ಲಿರುವ ಹುಡುಗಿಯ ಬಗ್ಗೆ ಯೋಚಿಸಿರಲಿಲ್ಲ.

"ಅಯ್ಯಪ್ಪ ಎತ್ತಿದ್ರ ನಾ ಯಾಕ ಬೇಕು ಅಲ್ಲಿ? ಆಕಿಗೆ ನಾ ಯಾರು?"

ಪದ್ಮಾವತಿ ಮೊರ ಕೆಳಗಿಟ್ಟಳು. "ನಾವು ಸಣ್ಣವರಿದ್ದಾಗ ತುಂಬಿದ ಕೊಡ ತಲಿ ಮ್ಯಾಲ ಇಟ್ಕೊಳ್ಳಾಕ ಹಾದಿಗೆ ಹೋಗೋರನ್ನ ಕರೀತಿದ್ವಿ, 'ಯವ್ವಾ, ಒಂಚೂರು ಹೊರಸು ಬಾ' ಅಂತ. ಹೊರಿಸಿದ್ಲು ಅಂತ ಆ ನೀರು ಆಕಿದು ಆಗತಿತ್ತೇನು? ಕೊಡ ನಮ್ಮದ, ಮನಿ ನಮ್ಮದ. ನಿಮಗ ಗಂಡಸರಿಗೆ ಅದೊಂದು ಮಾತು ಬಾಯಾಗ ಬರಂಗಿಲ್ಲ, ಹೊರಸು ಬಾ ಅನ್ನೋದು."

ಆಮೇಲೆ ಅಯ್ಯಪ್ಪನಿಗೆ ಫೋನು ಹಚ್ಚಿದೆ. ಆ ಮಾತು ಎತ್ತಲು ಚೀಲ ಎತ್ತಿದ್ದಕ್ಕಿಂತ ಹೆಚ್ಚು ತಿಣುಕಿದೆ.

"ಅಯ್ಯಪ್ಪಾ, ಅಮ್ಮುನ ಎತ್ತಾಕ... ಒಂಚೂರು ಕೈ ಹಚ್ಚು ಬಾರಲೇ."

"ಅಯ್ಯ, ಅದಕ್ಯಾಕ ಅಷ್ಟು ಸಣ್ಣ ದನಿ ಅಣ್ಣಾ? ನಾವು ತಮ್ಮಂದಿರು ನಾಕು ಮಂದಿ ಬರ್ತೀವಿ. ಕುರ್ಚಿ ಮ್ಯಾಲ ಕುಂದ್ರಿಸಿ ಒಯ್ದುಬಿಡೋಣು!"

ಮದುವೆಯ ದಿನ ಮಸ್ಕಿಯ ಕಲ್ಯಾಣ ಮಂಟಪದಲ್ಲಿ, ಹೊಸ ಧೋತರದ ಒಳಗೆ ಸೊಂಟಕ್ಕೆ ಬೆಲ್ಟು ಬಿಗಿದು ನಿಂತಿದ್ದೆ. ಹೂ ಸುತ್ತಿದ ಕುರ್ಚಿ ಬಂತು. ನಾಲ್ವರು ನಾಲ್ಕು ಕಾಲು ಹಿಡಿದರು. ನಾನು ಗುಂಪಿನ ಹಿಂದಕ್ಕೆ ಸರಿದೆ. ಆದರೆ ಬಾಸಿಂಗ ಕಟ್ಟಿದ ಅಮ್ಮು ಕೂರಲೊಲ್ಲಳು.

"ಮಾಮಾ ಎಲ್ಲಿ ಹೋದ? ಮಾಮಾ ಕೈ ಹಚ್ಚೋತನಕ ನಾ ಕುಂದ್ರಂಗಿಲ್ಲ!"

ಜನರೇ ನನ್ನನ್ನು ಮುಂದೆ ತಳ್ಳಿದರು. ಕಣ್ಣೊರೆಸಿಕೊಂಡು ಕುರ್ಚಿಯ ಕೈ ಹಿಡಿದೆ. ಬಾಜಾ ಬಜಂತ್ರಿ ಮೊಳಗಿತು, ಕುರ್ಚಿ ನಾಲ್ವರ ಹೆಗಲಿಗೇರಿತು. ಅಬ್ಬಾ, ಏನು ಆಶ್ಚರ್ಯ! ಭಾರವೇ ಇಲ್ಲ! ಸೊಂಟ ನೋವಿಲ್ಲ, ಕಾಲು ಗಾಳಿಯಲ್ಲಿ ತೇಲಿದ ಹಾಗೆ! ಗುಂಪಿನಲ್ಲಿದ್ದ ಪದ್ಮಾವತಿಗೆ ಕೇಳುವಂತೆ ಕೂಗಿದೆ:

"ನೋಡಿದೇನು? ಹೂವು ಎತ್ತಿದಂಗ ಐತಿ!"

ಅಮ್ಮು ಬಾಗಿ ನನ್ನ ಕಿವಿಯಲ್ಲಿ ಹೇಳಿದಳು. "ಮಾಮಾ, ನೀ ಎತ್ತಾಕತ್ತಿಲ್ಲ, ಜೋತು ಬಿದ್ದೀದಿ. ಅವರು ನಿನ್ನನ್ನೂ ಸೇರಿಸೇ ಹೊತ್ತಾರ."

ಗಾಬರಿಯಾಗಿ ಕೈ ಬಿಡಲು ಹೋದೆ. ಅವಳ ಹಸಿರು ಬಳೆಯ ಕೈ ನನ್ನ ಕೈಯನ್ನು ಒತ್ತಿ ಹಿಡಿಯಿತು.

"ಬಿಡಬ್ಯಾಡ. ಹಂದರ ಇನ್ನಾ ದೂರ ಐತಿ."

ನಾನು ಬಿಡಲಿಲ್ಲ. ಬೆವರಿನಲ್ಲಿ ತೊಯ್ದ ಅಯ್ಯಪ್ಪ ಕೆಳಗಿನಿಂದ ನರಳಿದ:

"ಅಣ್ಣಾ, ಹಿಡಕೋ ಬೇಕಾದ್ರ... ಕಾಲಾದ್ರೂ ನೆಲಕ್ಕ ಊರೋ!"