ಗುಡ್ಡಕ್ಕೊಂದು ಬಾಗಿಲು

ನಾಚಿಕೆಯಾದರೆ ಚಿಕ್ಕವರಿಗೆ ಕೆನ್ನೆ ಕೆಂಪಾಗುತ್ತದೆ, ಮುದುಕರಿಗೆ ಕಿವಿ ಬಿಸಿಯಾಗುತ್ತದೆ. ಇದನ್ನು ಬರೆಯುವಾಗಲೂ ನನ್ನ ಎರಡು ಕಿವಿಗಳೂ ಸುಡುತ್ತಿವೆ. ಶಿಸ್ತಿನ ಮನುಷ್ಯನಿಗೆ ತನ್ನಂತೆ ನೆಟ್ಟಗಿಲ್ಲದ್ದೆಲ್ಲ ಸೊಟ್ಟಗೆ ಕಾಣುತ್ತದೆ. ನಾನು ಆ ರೋಗಿಗಳಲ್ಲಿ ಹಿರಿಯ. ಕಾರ್ಖಾನೆಯ ಮೇಲ್ವಿಚಾರಕನಾಗಿ ನಿವೃತ್ತನಾದ ಮೇಲೂ ನಮ್ಮೂರ ಚಿನ್ನದ ಗಣಿಯ ಸೈರನ್ ಕೂಗುವ ಮೊದಲೇ ಏಳುತ್ತೇನೆ. ಸೈರನ್ ನಿಂತು ವರ್ಷಗಳಾದವು ಎಂಬುದು ಬೇರೆ ಮಾತು. ಒಣಹಾಕುವಾಗ ಅಂಗಿಯ ಪಕ್ಕ ಅಂಗಿಯೇ ಇರಬೇಕು, ಪಂಚೆಯ ಪಕ್ಕ ಪಂಚೆಯೇ. "ಬಟ್ಟೆ ಒಣಗಿದ್ರೆ ಸಾಲ್ದಾ, ಪೆರೇಡೂ ಮಾಡ್ಬೇಕಾ?" ಎನ್ನುತ್ತಾಳೆ ನನ್ನ ಹೆಂಡತಿ ಸರೋಜ.

ಬಂಗಾರಪೇಟೆಯಲ್ಲಿರುವ ನನ್ನ ತಂಗಿಯ ಮಗಳು ವನಜ ಕಟ್ಟಡಗಳನ್ನು ವಿನ್ಯಾಸ ಮಾಡುವವಳು. ಸ್ವತಂತ್ರವಾಗಿ ಅವಳಿಗೆ ಸಿಕ್ಕ ಮೊದಲ ಕೆಲಸ ನಮ್ಮ ಆಂಡರ್ಸನ್‌ಪೇಟೆಯ ಹೊರಗಡೆಯೇ: ಸೋಲಾರ್ ಕರೆಂಟನ್ನು ಬ್ಯಾಟರಿಗಳಲ್ಲಿ ಕೂಡಿಡುವ ಕಟ್ಟಡ. ಅದು ಸುತ್ತಲಿನ ನೋಟದಲ್ಲಿ ಕರಗಿಹೋಗಬೇಕು ಎಂದಳು. ನಾನು ನಕ್ಕೆ. ಬೇರೆ ಊರುಗಳಲ್ಲಿ ಕಾಡಿದೆ, ಹೊಳೆಯಿದೆ, ಕರಗಲಿ. ನಮ್ಮೂರಿನ ನೋಟವೆಂದರೆ ಗಣಿಯ ಪುಡಿಮಣ್ಣನ್ನು ತಲೆಮಾರುಗಳ ಕಾಲ ಸುರಿದು ಎದ್ದ ಸೈನೈಡ್ ಗುಡ್ಡಗಳು. ನಮ್ಮಲ್ಲಿ ಬೆಟ್ಟವೂ ಕಾರ್ಖಾನೆಯ ಮಾಲೇ.

"ಕರೆಂಟಿನ ಕಟ್ಟಡ ಅಂದ್ರೆ ನೆಟ್ಟಗಿನ ಗೋಡೆ, ಹಳದಿ ಬಣ್ಣ, ಬಾಗಿಲ ಮೇಲೆ ತಲೆಬುರುಡೆ. ಕಳ್ಳನ ಹಾಗೆ ಅವಿತುಕೊಳ್ಳೋದು ಯಾಕಮ್ಮಾ?" ಎಂದೆ.

"ಕಟ್ಟಿದ ಮೇಲೆ ಒಂದ್ಸಲ ಬಂದು ನೋಡಿ ಮಾವ. ಆಮೇಲೆ ಬೈಯಿರಿ" ಎಂದಳು.

ನೋಡಲಾಗಲಿಲ್ಲ. ಮಂಡಿಯ ಆಪರೇಷನ್ ಆಗಿ ಮೈಸೂರಿನಲ್ಲಿ ಮಗಳ ಮನೆ ಸೇರಿದೆ. ಹಿಂತಿರುಗುವ ಹೊತ್ತಿಗೆ ಕಟ್ಟಡ ಮುಗಿದಿತ್ತು. ಹೊಸ ಮಂಡಿ ಅಷ್ಟು ದೂರಕ್ಕೆ ಒಪ್ಪಲಿಲ್ಲ. ಆದರೂ ಬೈಯುವ ಕೆಲಸವನ್ನು ಒಂದು ದಿನವೂ ತಪ್ಪಿಸಲಿಲ್ಲ. ವಾಕಿಂಗ್ ಗೆಳೆಯರು ಜಗಲಿಗೇ ಬಂದು ಕೇಳಿ ತಲೆದೂಗಿದರು. ನಾನದನ್ನು ನೋಡಿಲ್ಲ ಎಂದು ಮಾತ್ರ ಯಾರಿಗೂ ಹೇಳಲಿಲ್ಲ. ಕೊನೆಗೆ ಮಾತು ಕಟ್ಟಡ ಕಟ್ಟಿಸಿದ ಕಂಪನಿಗೂ ಮುಟ್ಟಿ, ಊರವರಿಗೆ ಬೇಡವಾದರೆ ಅದಕ್ಕೆಲ್ಲ ನೀಲಿ ತಗಡು ಹೊದಿಸುತ್ತೇವೆಂದು ಅಧಿಕಾರಿಗಳು ಅಭಿಪ್ರಾಯ ಕೇಳಲು ಬರುವುದಾಯಿತು. ತಗಡು ಬಿದ್ದರೆ ವನಜಳ ಮೊದಲ ಕೆಲಸವೇ ಮುಚ್ಚಿಹೋಗುತ್ತದೆ. ಅದು ನನಗೆ ಗೊತ್ತಿತ್ತು. ಆದರೂ ಆಟೋ ಹತ್ತಿದೆ.

ಎಲ್ಲರಿಗಿಂತ ಮೊದಲೇ ಹೋಗಿ ರಸ್ತೆಯಂಚಿನಲ್ಲಿ ನಿಂತೆ. ವಾಕಿಂಗ್ ಗೆಳೆಯರೂ ಅಧಿಕಾರಿಗಳೂ ಬಂದರು. ವನಜ ಉಗುರು ಕಚ್ಚುತ್ತ ಹಿಂದೆ ನಿಂತಳು. ನಾನು ಊರುಗೋಲೆತ್ತಿ ಶುರು ಮಾಡಿದೆ: "ನೋಡಿ ಸಾರ್, ಎದುರಿಗಿರೋ ಈ ಚಿಕ್ಕ ಗುಡ್ಡ. ಹುಡುಗನಾಗಿದ್ದಾಗ ತಗಡಿನ ತುಂಡಿನ ಮೇಲೆ ಕೂತು ಇದರ ನೆತ್ತಿಯಿಂದ ಜಾರಿದವನು ನಾನು. ಮಳೆನೀರು ಕೊರೆದ ಆ ಗೆರೆಗಳು, ಎಲ್ಲಾ ಅವತ್ತಿನವೇ! ಇಂಥ ಗುಡ್ಡದ ಪಕ್ಕ ಆ ದರಿದ್ರ ಡಬ್ಬ ತಂದಿಟ್ಟಿದ್ದೀರಲ್ಲ!" ಎಂದು ದೂರದ ಚೌಕನೆಯ ಕಟ್ಟಡವನ್ನು ತೋರಿಸಿದೆ.

"ಅದು ಹಳೇ ಪಂಪ್‌ಹೌಸು ಸಾರ್" ಎಂದರು ಹಿರಿಯ ಅಧಿಕಾರಿ, ಮೆಲ್ಲಗೆ.

ಅಷ್ಟರಲ್ಲಿ ನನ್ನ ಬಾಲ್ಯದ ಗುಡ್ಡದಲ್ಲಿ ಒಂದು ಬಾಗಿಲು ತೆರೆಯಿತು. ವಾಚ್‌ಮನ್ ಒಬ್ಬ ಹೊರಬಂದು, ಬಾಯಿ ಮುಕ್ಕಳಿಸಿ, ನಮಗೆಲ್ಲ ಸಲಾಮು ಹೊಡೆದು, ಮತ್ತೆ ಗುಡ್ಡದೊಳಕ್ಕೆ ಹೋಗಿ ಬಾಗಿಲು ಹಾಕಿಕೊಂಡ.

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ನಮ್ಮೂರಿನಲ್ಲಿ ಬಾಯಿಬಿಟ್ಟ ಭೂಮಿಗೇನೂ ಬರವಿಲ್ಲ, ಆದರೆ ಎಲ್ಲದಕ್ಕೂ ಬೇಲಿ ಹಾಕಿಬಿಟ್ಟಿದ್ದಾರೆ.

"ಇನ್ನು ಕೇಳೋದೇನಿಲ್ಲ. ತಗಡು ಬೇಡ" ಎಂದು ಅಧಿಕಾರಿ ನಗುತ್ತ ಹೊರಟರು. ವಾಕಿಂಗ್ ಗೆಳೆಯ ಮುನಿವೆಂಕಟಪ್ಪ ಓಡಿಬಂದು ನನ್ನ ಕೈ ಹಿಡಿದ.

"ಅಬ್ಬಬ್ಬಾ, ಏನ್ ನಾಟ್ಕ ಆಡ್ಬುಟ್ಟೆ ಅಣ್ಣಾ! ಬೈದಂಗೆ ಬೈದು ತಂಗಿ ಮಗಳ ಕೆಲ್ಸ ಉಳಿಸ್ಬುಟ್ಟೆ! ಜಾರ್ದೆ ಅಂದ್ಯಲ್ಲ, ಅಲ್ಲಂತೂ ನಂಗೆ ನಗಾ ತಡ್ಯಾಕಾಗ್ಲಿಲ್ಲ. ಮುಂಚೇನೇ ನಮ್ಗೊಂದ್ ಮಾತು ಏಳ್ಬಾರ್ದಿತ್ತಾ?"

ನಾನು ಸುಳ್ಳು ಹೇಳಲಿಲ್ಲ. ಸುಮ್ಮನೆ ಮೀಸೆ ಸವರಿಕೊಂಡೆ. ವನಜ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ, "ಮಾವ, ಆ ನೀರಿನ ಗೆರೆಗಳನ್ನ ಹೋದ ಬೇಸಿಗೇಲಿ ನಾನೇ ನಿಂತು ಗೀಚಿಸಿದ್ದು" ಎಂದಳು. ಬೇರೇನೂ ಹೇಳಲಿಲ್ಲ, ಪುಣ್ಯಾತ್ಗಿತ್ತಿ.

ಈಗ ನನ್ನ ಜಾಣತನವನ್ನು ಹೊಗಳಲು ದಿನವೂ ಯಾರಾದರೂ ಮನೆಗೆ ಬರುತ್ತಾರೆ. ಸರೋಜ ಎಲ್ಲರಿಗೂ ಕಾಫಿ ಕೊಡುತ್ತಾಳೆ. ನಾನು ತಲೆ ತಗ್ಗಿಸಿ, ಲೋಟದೊಳಗೇ ನೋಡುತ್ತ ಕೂರುತ್ತೇನೆ. "ಎಷ್ಟು ವಿನಯ ನೋಡಿ!" ಎನ್ನುತ್ತಾರೆ.