ನನ್ನ ಮೈಮೇಲೆ ಅಮ್ಮ ಬಂದದ್ದು

ನಮ್ಮ ಮುತ್ತಾತ ಸಿದ್ದಲಿಂಗಪ್ಪನವರು ಮೊರ ಬಡಿದು ಚಿರತೆ ಓಡಿಸಿದವರು. (ಅದು ಪಟೇಲರ ನಾಯಿ ಎಂದು ಪಟೇಲರ ಮನೆಯವರು ಮಾತ್ರ ಹೇಳುತ್ತಾರೆ.) ನಮ್ಮ ತಾತ ಮರುಳಪ್ಪನವರು, ಬಂಡೆ ಬಿಟ್ಟರೆ ಏನೂ ಇಲ್ಲ ಎಂದು ಊರೆಲ್ಲ ನಕ್ಕ ಜಾಗದಲ್ಲಿ ಒಬ್ಬರೇ ನಿಂತು ಬಾವಿ ತೋಡಿದರು. ನೀರು ಬಂದ ದಿನ ಊರವರು ಕಾಯಿ ಒಡೆದು, ಗಂಗಮ್ಮ ಒಲಿದಳು ಎಂದರು. ಅಂಗೈ ತುಂಬ ಬೊಬ್ಬೆ ಎದ್ದಿದ್ದ ತಾತನಿಗೆ ಆ ಕಾಯಿಯ ಒಂದು ಹೋಳೂ ಸಿಕ್ಕಲಿಲ್ಲ. ಇಂಥ ವಂಶದಲ್ಲಿ ಹುಟ್ಟಿದ ಷಡಕ್ಷರಪ್ಪ ನಾನು. ಗಂಡಸಿ ಹೋಬಳಿಯಲ್ಲಿ ನಮ್ಮೂರು.

ನಾನು ಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ. ಬಾಣಾವರದ ಸ್ಟೇಷನ್ನಿನ ಹಲಗೆ ನೋಡಿ ಅಕ್ಷರ ಕಲಿತೆ. ಅಂಗಡಿಯವನು ಬೆಲ್ಲ ಕಟ್ಟಿಕೊಟ್ಟ ಕಾಗದಗಳಲ್ಲಿ ಉನ್ನತ ವ್ಯಾಸಂಗ ಮಾಡಿದೆ. ಸಂಜೆಯಾದರೆ ನಮ್ಮ ಜಗಲಿ ತುಂಬ ಜನ. ನಾನು ಓದಿ ಹೇಳುವುದು, ಅವರು ಎಲೆ ಅಡಿಕೆ ಮೆಲ್ಲುತ್ತ ಕೇಳುವುದು. ಬೆಲ್ಲದ ಕಾಗದಕ್ಕೆ ಇರುವ ದೋಷ ಒಂದೇ, ಅಂಗಡಿಯವನು ಹರಿದಲ್ಲಿಗೆ ಜ್ಞಾನ ನಿಂತುಹೋಗುತ್ತದೆ. ಒಮ್ಮೆ, ಹರಳೆಣ್ಣೆ ಧಾರಾಳವಾಗಿ ಕುಡಿಸಿದರೆ ಮೈ ಹಗುರಾಗುತ್ತದೆ ಎಂದು ಓದಿ ಎದುರುಮನೆ ನಂಜಪ್ಪನಿಗೆ ಕುಡಿಸಿದೆ. ಅದು ಎತ್ತಿನ ಹೊಟ್ಟೆಯುಬ್ಬರದ ವಿಚಾರ ಎಂದು ತಿಳಿಸುವ ಮೇಲಿನ ತುಂಡು ಆಮೇಲೆ ಕಡಲೆಪುರಿಯ ಜೊತೆ ಬಂತು. ನಂಜಪ್ಪ ಅಂದು ಹಿತ್ತಲಿನಿಂದ ಮನೆಯೊಳಕ್ಕೆ ಬರಲೇ ಇಲ್ಲ. ಅಂದೇ ನನ್ನ ಹೆಂಡತಿ ಸಾವಿತ್ರಮ್ಮ ನನಗೆ 'ಬೆಲ್ಲದ ಡಾಕ್ಟ್ರು' ಎಂಬ ಬಿರುದು ದಯಪಾಲಿಸಿದಳು. ಜನ ಜಗಲಿಗೆ ಬರುವುದನ್ನು ಬಿಡಲಿಲ್ಲ. ನಾನು ಓದಿದ್ದನ್ನು ನಂಬುವುದನ್ನು ಬಿಟ್ಟರು.

ಮೈಸೂರು ರಾಜ್ಯ ದೊಡ್ಡದಾದ ಮರುವರ್ಷದ ಬೇಸಿಗೆಯಲ್ಲಿ ನಮ್ಮ ಸುತ್ತಮುತ್ತ ಸಿಡುಬು ಎದ್ದಿತು. ನಮ್ಮ ಕಡೆ ಅದನ್ನು ರೋಗ ಎನ್ನುವುದಿಲ್ಲ, ಅಮ್ಮ ಬಂದಳು ಎನ್ನುತ್ತಾರೆ. ಸಿಡುಬು ಬಾರದ ಹಾಗೆ ತೋಳಿಗೆ ದಾಕು ಹಾಕಲು ಅರಸೀಕೆರೆಯಿಂದ ಸಂಪತ್ಕುಮಾರ್ ಎಂಬವರು ಸೈಕಲ್ಲಿನಲ್ಲಿ ಬಂದರು. ಬೆಲ್ ಕೇಳಿದ್ದೇ ತಡ, ಊರು ಖಾಲಿ. ದಾಕು ಹಾಕಿಸಿಕೊಂಡರೆ ರಟ್ಟೆಯ ಕಸುವು ಇಳಿಯುತ್ತದೆ ಎಂದು ಕೆಲವರು, ಅಮ್ಮನಿಗೆ ಸಿಟ್ಟು ಬರುತ್ತದೆ ಎಂದು ಕೆಲವರು ತೆಂಗಿನ ತೋಟ ಸೇರಿದರು. ಸಾವಿತ್ರಮ್ಮ ರಾಗಿ ವಾಡೆಯ ಹಿಂದೆ ಅಡಗಿ ಅಲ್ಲಿಂದಲೇ ಹೇಳಿದಳು, "ಆ ತಾಯಿ ಬರೋ ದಾರಿಗೆ ಬೇಲಿ ಹಾಕೋಕೆ ನಾವ್ಯಾರು? ನಿಮಗೆ ಬೇಕಾದ್ರೆ ಚುಚ್ಚಿಸ್ಕಳಿ. ನಂಜಪ್ಪ ಕುಡಿದಿದ್ದು ಸಾಲ್ದೇನೋ."

ನಾನು ಚುಚ್ಚಿಸಿಕೊಂಡೆ. ಇಡೀ ಊರಿಗೆ ನಾನೊಬ್ಬನೇ. ಮುಂದಿನ ಶುಕ್ರವಾರ ಬಂದು ಗುಳ್ಳೆ ಎದ್ದಿದೆಯೋ ಇಲ್ಲವೋ ನೋಡುತ್ತೇನೆ ಎಂದು ಸಂಪತ್ಕುಮಾರ್ ಹೊರಟುಹೋದರು.

ಗುಳ್ಳೆ ಎದ್ದಿತು. ಎದ್ದದ್ದೆಂದರೆ ರಾಜಗಾಂಭೀರ್ಯದಿಂದ ಎದ್ದಿತು. ತೋಳು ಬಾತು, ಕಂಕುಳು ಗಂಟು ಕಟ್ಟಿ, ಮೈ ಕೆಂಡವಾಯಿತು. ಬೆಳಿಗ್ಗೆ ಕಣ್ಣು ಬಿಟ್ಟಾಗ ಬಾಗಿಲಿಗೆ ಬೇವಿನ ಸೊಪ್ಪು. ಹೊಸ್ತಿಲಾಚೆ ಸಾವಿತ್ರಮ್ಮ ಕೈಮುಗಿದು ನಿಂತಿದ್ದಳು.

"ತಂಪಾಗಿರು ತಾಯಿ."

"ಲೇ, ಇದು ದಾಕಿನ ಗುಳ್ಳೆ ಕಣೇ. ಕಾಗದದಾಗೇ ಐತೆ."

"ಆಗ್ಲಿ ತಾಯಿ. ನೀ ಹೆಂಗಂದ್ರೆ ಹಂಗೆ."

ಓದುಗರೇ, ಮದುವೆಯಾದಂದಿನಿಂದ ಆ ಬಾಯಿಂದ ಕೇಳಬೇಕೆಂದು ನಾನು ಹಂಬಲಿಸಿದ್ದ ಮಾತು ಅದು. ಅಮ್ಮ ಮೈಮೇಲಿರುವ ತನಕ ಆ ಮನುಷ್ಯನ ಮಾತಿಗೆ ಎದುರಾಡಬಾರದು, ಅವನನ್ನು ಅಮ್ಮನೆಂದೇ ಕರೆಯಬೇಕು. ಅದು ನಮ್ಮಲ್ಲಿಯ ಪದ್ಧತಿ. ಹಿಗ್ಗಿಹೋದೆ. ಒಂದು ಲೋಟ ಕಾಫಿ ತಾ ಎಂದೆ. ಮಜ್ಜಿಗೆ ಬಂತು. ತಾಯಿ ಕಾಫಿ ಕುಡಿಯೋಳಲ್ಲ, ಅದನ್ನು ಕೇಳಿದ್ದು ಯಜಮಾನರ ನಾಲಿಗೆ ಎಂದಳು. ಒಗ್ಗರಣೆ ಹಾಕಿದ ಸಾರು ಕೇಳಿದ್ದೂ ಯಜಮಾನರ ನಾಲಿಗೆಯೇ. ಸಪ್ಪೆ ಮೊಸರನ್ನ ಸಾಕೆಂದಾಗ ಮಾತ್ರ ತಾಯಿಯ ಅಪ್ಪಣೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮೀಸೆಯ ಮಾರಮ್ಮ ನಾನು!

ಜಗಲಿ ಬರಿದಾಯಿತು. ಸಂಜೆ ಜನ ಬೇವಿನ ಸೊಪ್ಪು ಕಂಡು ಬೀದಿಯಲ್ಲೇ ಕೈಮುಗಿದು ಹಿಂತಿರುಗುತ್ತಿದ್ದರು. ಓದಿ ಹೇಳೋಣವೆಂದರೆ ಕೇಳುವವರಿಲ್ಲ. ಒಬ್ಬನೇ ಗಟ್ಟಿಯಾಗಿ ಓದಿಕೊಂಡರೆ, ತಾಯಿ ಮಂತ್ರ ಹೇಳುತ್ತಿದ್ದಾಳೆ ಎಂದು ನಂಜಪ್ಪ ದೂರದಿಂದಲೇ ಅಡ್ಡಬಿದ್ದ. ಸಾವಿತ್ರಮ್ಮ ಊಟವಿಟ್ಟು ಹಿಂದೆ ಸರಿದು ನಿಲ್ಲುವಳು. ಜಗಳವಾದರೂ ಆಡೋಣವೆಂದು, ನಿನ್ನ ತವರು ಗೆಂಡೆಹಳ್ಳಿಯವರಿಗೆ ಮುದ್ದೆ ಕಟ್ಟಲು ಬರುವುದಿಲ್ಲ ಎಂದೆ. ನಿಜ ತಾಯಿ ಎಂದಳು. ನಿನ್ನ ಅಣ್ಣ ಜುಗ್ಗ ಎಂದೆ. ಅದಕ್ಕೂ ಕೈಮುಗಿದಳು. ಹಿಂದೆ ಇದರಲ್ಲಿ ಅರ್ಧ ಆಡಿದ್ದರೆ ಮೂರು ಹೊತ್ತಿನ ಊಟಕ್ಕೆ ಸಂಚಕಾರ ಬರುತ್ತಿತ್ತು. ಅವಳು ಒಳಗೆ ಹೋದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದೆ. ಬೈಯುವವರು ಇಲ್ಲದ ಮನೆ ಎಷ್ಟು ದೊಡ್ಡದಾಗಿರುತ್ತದೆ ಎಂದು ಯಾವ ಬೆಲ್ಲದ ಕಾಗದದಲ್ಲೂ ಬರೆದಿರಲಿಲ್ಲ.

ಗುರುವಾರ ಪಕ್ಕದ ಮನೆ ಬೋರಮ್ಮ ಅಳುತ್ತ ಬಂದು ಸುದ್ದಿ ಹೇಳಿದಳು. ಅವಳ ತಂಗಿಯ ಊರಿನಲ್ಲಿ ಅಮ್ಮ ಬಂದು, ತಂಗಿಯ ಹಸುಗೂಸು ಹೋಯಿತಂತೆ. ನಮ್ಮೂರಿಗೂ ಆ ಊರಿಗೂ ನಡುವೆ ಇರುವುದು ಒಂದು ಕೆರೆ ಏರಿ. ಸಾವಿತ್ರಮ್ಮ ಬೋರಮ್ಮನನ್ನು ತಬ್ಬಿ ಸಮಾಧಾನ ಮಾಡುತ್ತಿದ್ದಳು. ನಾನು ನೋಡಿದ್ದು ಸಾವಿತ್ರಮ್ಮನ ತೋಳು. ಗುಳ್ಳೆಯಿಲ್ಲದ, ಗುರುತಿಲ್ಲದ ಬರಿ ತೋಳು.

ಶುಕ್ರವಾರ ದೂರದಲ್ಲಿ ಸೈಕಲ್ ಬೆಲ್ ಕೇಳಿಸಿತು. ದಾಕು ಹಾಕಿಸಿಕೊಂಡ ಷಡಕ್ಷರಪ್ಪನಿಗೇ ಅಮ್ಮ ಬಂದಳಲ್ಲ, ಈ ಸಲ ಜನ ಗಂಟುಮೂಟೆ ಸಮೇತ ತೋಟಕ್ಕೆ ಹೊರಟಿದ್ದರು. ಸಾವಿತ್ರಮ್ಮನ ಕಂಕುಳಲ್ಲೂ ಬುತ್ತಿ. ನಾನು ಬಾಗಿಲಿಗೆ ಬಂದು ನಿಂತೆ. ಕಾಗದದಲ್ಲಿದೆ ಎಂದರೆ ಇವರಿಗೆ ಹರಳೆಣ್ಣೆಯ ನೆನಪಾಗುತ್ತದೆ. ಷಡಕ್ಷರಪ್ಪನ ಮಾತು ಅಷ್ಟಕ್ಕಷ್ಟೆ. ಹಾಗಾದರೆ ಯಾರ ಮಾತು ನಡೆಯುತ್ತದೆ?

ಬೇವಿನ ಸೊಪ್ಪು ಕಿತ್ತು ಕೈಯಲ್ಲಿ ಹಿಡಿದೆ. ಹೊಟ್ಟೆಯೊಳಗಿಂದ ಸ್ವರ ತೆಗೆದೆ.

"ಎಲ್ಲಿಗೆ ಹೊಂಟ್ರಿ? ಸೈಕಲ್ ಮೇಲೆ ಬರ್ತಾ ಇರೋನು ನನ್ನ ಮಗ. ಅವನು ತೋಳಿಗೆ ಇಡೋದು ನನ್ನ ಗುರುತು. ಗುರುತು ಇರೋರ ಮನೆ ಹೊಸ್ತಿಲು ನಾನು ತುಳಿಯಲ್ಲ."

ಊರು ನಿಂತಲ್ಲೇ ನಿಂತಿತು. ಸಾವಿತ್ರಮ್ಮ ಬುತ್ತಿ ಕೆಳಗಿಟ್ಟು, ಎಲ್ಲರಿಗಿಂತ ಮೊದಲು ಸೆರಗು ಸರಿಸಿ ತೋಳು ಚಾಚಿದಳು. ಆಮೇಲೆ ಬೋರಮ್ಮ, ನಂಜಪ್ಪ, ತೋಟದಿಂದ ಹಿಂದಿರುಗಿದ ಎಲ್ಲರೂ. ತಾವು ಮಾರಮ್ಮನ ಮಗನಾದ ಸಂಗತಿ ತಿಳಿಯದ ಸಂಪತ್ಕುಮಾರ್, ತಮಗೆ ಕಾಯಿ ಒಡೆದು ಆರತಿ ಎತ್ತಿದ್ದು ಯಾಕೆಂದು ತಬ್ಬಿಬ್ಬಾಗಿ, ಸಂಜೆಯ ತನಕ ತಲೆಯೆತ್ತದೆ ದಾಕು ಹಾಕಿದರು. ಸಿಡುಬು ಕೆರೆ ಏರಿ ದಾಟಿ ಬಂತು. ನಮ್ಮೂರಿನಲ್ಲಿ ಅದಕ್ಕೆ ಒಂದು ಮನೆಯೂ ಸಿಗಲಿಲ್ಲ.

ಗೆದ್ದೆನಲ್ಲವೇ? ಅಲ್ಲೇ ಇರುವುದು ಪಜೀತಿ. ಅಮ್ಮ ಇಳಿಯಲೆಂದು ನನ್ನ ತಲೆಗೆ ನೀರು ಹಾಕಿಯಾಯಿತು, ಹಕ್ಕಳೆ ಉದುರಿತು, ಅಮ್ಮ ಮಾತ್ರ ಇಳಿಯಲಿಲ್ಲ. ಒಮ್ಮೆ ನುಡಿ ಕೊಟ್ಟ ಬಾಯಿ ಬರಿ ಬಾಯಿಯಾಗುವುದುಂಟೇ? ಜನ ಜಗಲಿಗೆ ತೆಂಗಿನಕಾಯಿ ತಂದಿಟ್ಟು ಹೋಗುತ್ತಾರೆ, ಕೂರುವವರಿಲ್ಲ. ನಂಜಪ್ಪ ಎಮ್ಮೆ ಎಂದು ಈಯುತ್ತದೆ ಎಂದು ಕೇಳುತ್ತಾನೆ, ಕಾಗದದಲ್ಲಿ ಏನು ಬಂದಿದೆ ಎಂದು ಕೇಳುವುದಿಲ್ಲ. ಸಾವಿತ್ರಮ್ಮ ನಾನು ಕೂತ ಚಾಪೆಯ ಅಂಚನ್ನೂ ಮೆಟ್ಟುವುದಿಲ್ಲ. ಕಾಫಿಯ ವಾಸನೆ ಅಡುಗೆಮನೆಯಿಂದ ಬರುತ್ತದೆ, ಕಾಫಿ ಬರುವುದಿಲ್ಲ.

ಗುಳ್ಳೆ ಪರೀಕ್ಷೆಗೆಂದು ಮತ್ತೆ ಬಂದ ಸಂಪತ್ಕುಮಾರ್ ಒಬ್ಬರೇ ನನ್ನ ಪಕ್ಕ ಜಗಲಿಯಲ್ಲಿ ಕೂತರು. ಪಕ್ಕದಲ್ಲಿ ಒಬ್ಬರು ಕೂತರೆ ಎಷ್ಟು ಬೆಚ್ಚಗಿರುತ್ತದೆ! ಅವರಿಗೆ ಎಲ್ಲವನ್ನೂ ಹೇಳಿಕೊಂಡೆ. ಅವರು ನಕ್ಕರು. ಬಾಗಿಲ ಸಂದಿಯಲ್ಲಿ ಸಾವಿತ್ರಮ್ಮ ನನಗೆ ಕೈಮುಗಿದು ಒಳಗೆ ಸರಿದದ್ದು ಕಂಡ ಮೇಲೆ ನಗು ನಿಲ್ಲಿಸಿದರು.

"ಊರಿಗೆ ಹೇಳೋದು ಬೇಡ, ಯಜಮಾನ್ರೆ. ಅವರೊಬ್ಬರಿಗೆ ನಿಜ ತಿಳಿಸ್ತೀನಿ. ಮೊದಲಿನ ಹಾಗೆ ಇರ್ತಾರೆ."

ನಾನು ಅಂಗೈ ನೋಡಿಕೊಂಡೆ. ತಾತನ ನೆನಪಾಯಿತು.

"ಬೇಡಿ ಸ್ವಾಮಿ. ಅವಳ ಕಿವಿಗೆ ಬಿದ್ದಿದ್ದು ನಾಳೆ ಬಾವಿಕಟ್ಟೇಲಿ ಇರ್ತೈತೆ. ಆಮೇಲೆ ನೀವು ಮತ್ತೆ ದಾಕು ಹಾಕೋಕೆ ಬಂದಾಗ ತೋಳು ಚಾಚೋನು ನಾನೊಬ್ನೇ. ನಮ್ಮ ತಾತನ ಹೆಸರು ಹೇಳದೆ ಹೋದ್ರೂ ಆ ಬಾವಿ ನೀರನ್ನ ಎಲ್ಲಾರೂ ಕುಡೀತಾವ್ರೆ, ಅಷ್ಟು ಸಾಕು. ನೀವು ಹೋಗ್ಬನ್ನಿ. ಅವಳು ಬದುಕಿದ್ರೆ ತಾನೇ ಒಂದಿನ ಬೈಯೋದು? ನಾನು ಕಾಯ್ತೀನಿ."