ಮರಿಯಣ್ಣನವರ ಎಂಟುನೂರ ನಲವತ್ತು ಪ್ರಶ್ನೆ

"ಬಂದೋರಿಗೆ ಉಪ್ಪಿಟ್ಟು ಕೊಡಿ, ಕಾಫಿ ಕೊಡಿ. ಪರೀಕ್ಷೆ ಮಾತ್ರ ಕೊಡಬ್ಯಾಡಿ ಅಂತಿದೀನಿ," ಎಂದರು ಕೆಂಪಲಕ್ಷ್ಮಮ್ಮ, ಸೌಟು ಹಿಡಿದುಕೊಂಡೇ ನಡುಮನೆಗೆ ಬಂದು.

"ಹೆಣ್ಣು ಕೊಡೋನು ನಾನು. ಗಂಡಿನ ತಲೇಲಿ ಏನೈತೆ ಅಂತ ನೋಡಬಾರದಾ?"

"ಮೂರು ಜನದ ತಲೆ ನೋಡಿ ಆಯ್ತಲ್ಲ. ನಿಮ್ಮ ಪ್ರಶ್ನೆಗೆ ಹೆದರ್ಕೊಂಡು ಇನ್ನು ಈ ಗಂಡಸಿ ಊರ ಕಡೆ ಯಾವ ಗಂಡೂ ತಲೆ ಹಾಕಲ್ಲ."

"ಗೊತ್ತಿರೋನು ಯಾಕೆ ಹೆದರ್ತಾನೆ?" ಮರಿಯಣ್ಣ ಕನ್ನಡಕ ಒರೆಸಿಕೊಂಡು ತಮ್ಮ ದಪ್ಪ ನೋಟ್‌ಬುಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಈ ನೋಟ್‌ಬುಕ್ಕೇ ಕೆಂಪಲಕ್ಷ್ಮಮ್ಮನವರ ಪಾಲಿನ ಸವತಿ. ಮರಿಯಣ್ಣ ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಅಪ್ಪ ಕೈಹಿಡಿದು ತಂದು ಗಂಡಸಿಯ ದಿನಸಿ ಅಂಗಡಿಯಲ್ಲಿ ಕೂರಿಸಿದ. ಪೊಟ್ಟಣ ಕಟ್ಟಲು ತೂಕದ ಲೆಕ್ಕದಲ್ಲಿ ಬರುತ್ತಿದ್ದ ಹಳೇ ಪೇಪರು, ಹಳೇ ಪಠ್ಯಪುಸ್ತಕಗಳೇ ಅವರ ಕಾಲೇಜು. ಒಂದು ಹಾಳೆಯನ್ನೂ ಓದದೆ ಅವರು ಪೊಟ್ಟಣ ಮಾಡಿದವರಲ್ಲ. ಓದಿದ್ದರಲ್ಲಿ ರುಚಿಸಿದ್ದನ್ನು ಪ್ರಶ್ನೆ, ಉತ್ತರ ಮಾಡಿ ಬರೆದಿಡುವುದು ಇಪ್ಪತ್ತೆರಡು ವರ್ಷದ ಅಭ್ಯಾಸ. ಮೊಹೆಂಜೊದಾರೊದ ಚರಂಡಿಯಿಂದ ಹಿಡಿದು ಶನಿಗ್ರಹದ ಬಳೆಯವರೆಗೆ ಎಂಟುನೂರ ನಲವತ್ತು ಪ್ರಶ್ನೆಗಳಾಗಿದ್ದವು.

ಮಗಳು ಭವ್ಯಾಳಿಗೆ ಗಂಡು ನೋಡುವ ಕಾಲ ಬಂದಾಗ ಜಾತಕ ಪಕ್ಕಕ್ಕೆ ಹೋಯಿತು, ನೋಟ್‌ಬುಕ್ಕು ಮುಂದೆ ಬಂತು. ಹುಲಿಕೆರೆಯ ಹುಡುಗನಿಗೆ ನಿಮ್ಮೂರ ಕೊಳ ಯಾವ ರಾಜರ ಕಾಲದ್ದು ಎಂದು ಕೇಳಿದರೆ, ನಮ್ಮಜ್ಜಿ ಮದುವೆಯಾಗಿ ಬಂದಾಗಲೇ ಇತ್ತಂತೆ ಎಂದ. ಎರಡನೆಯವನಿಗೆ ಸೂರ್ಯನ ಬೆಳಕು ಭೂಮಿಗೆ ಬರಲು ಎಷ್ಟು ಹೊತ್ತು ಬೇಕು ಎಂದರೆ, ಬೇಸಿಗೆಯಲ್ಲೋ ಮಳೆಗಾಲದಲ್ಲೋ ಎಂದು ಅವರನ್ನೇ ಕೇಳಿದ. ಮೂರನೆಯವನು ಪಶುವೈದ್ಯ ಇಲಾಖೆಯ ಹುಡುಗ. ಬಾವಲಿ ಹಕ್ಕಿಯಲ್ಲ, ಮರಿಗೆ ಹಾಲು ಕೊಡುವ ಸಸ್ತನಿ ಎಂದುಬಿಟ್ಟ. ನೋಟ್‌ಬುಕ್ಕಿನಲ್ಲಿ ಹಕ್ಕಿ ಎಂದಿತ್ತು. "ಬಾವಲಿಯು ಹಕ್ಕಿಗಳಂತೆ ಹಾರುವ" ಎಂಬಲ್ಲಿಗೆ ಹಾಳೆ ಮುಗಿದಿತ್ತು, ಉಳಿದರ್ಧ ಸಾಸಿವೆಯ ಜೊತೆ ಯಾರದೋ ಮನೆಗೆ ಹೋಗಿತ್ತು. ಪಾಪ, ಆ ಹುಡುಗನೂ ಹೋದ.

ನಾಲ್ಕನೆಯವನು ಹಗರೆ ಕಡೆಯ ಹೈಸ್ಕೂಲು ಸೈನ್ಸ್ ಮೇಷ್ಟ್ರು, ಲೋಕೇಶ್. ಫೋಟೋ ನೋಡಿದ ಭವ್ಯಾ ಇದೇ ಮೊದಲ ಸಲ ಬೇಡ ಎನ್ನಲಿಲ್ಲ. ಅಷ್ಟು ಸಾಕಾಗಿತ್ತು ಕೆಂಪಲಕ್ಷ್ಮಮ್ಮನಿಗೆ. ಗಂಡ ತೆಂಗಿನಕಾಯಿ ಹಾಕಲು ಅರಸೀಕೆರೆ ಮಾರುಕಟ್ಟೆಗೆ ಹೋಗಿದ್ದ ದಿನ ನೋಟ್‌ಬುಕ್ಕನ್ನು ಸೀರೆಯ ಸೆರಗಿನಲ್ಲಿ ಸುತ್ತಿ ಸಂಬಂಧ ತಂದ ಗಿಡ್ಡಯ್ಯನ ಕೈಗೆ ಕೊಟ್ಟರು. ಪೂರಾ ಜೆರಾಕ್ಸ್ ಆಗಿ, ಸಂಜೆಗೆ ಪುಸ್ತಕ ವಾಪಸು ಬಂತು. ಮೇಷ್ಟ್ರು ಮೊದಲು ನಕ್ಕರಂತೆ. ಆಮೇಲೆ, ಅದರಲ್ಲಿ ಬರೆದಿರುವ ಹಾಗೆಯೇ ಹೇಳುತ್ತೇನೆ, ಸರಿಯೋ ತಪ್ಪೋ ನೋಡುವುದಿಲ್ಲ ಎಂದು ಮಾತು ಕೊಟ್ಟರಂತೆ. ಬೇಡ ಬೇಡ ಎಂದು ಕೆಂಪಲಕ್ಷ್ಮಮ್ಮ ಈಗ ಜಗಳವಾಡುತ್ತಿದ್ದುದು ಗಂಡನಿಗೆ ಅನುಮಾನ ಬರದಿರಲಿ ಎಂದಷ್ಟೇ.

"ಅಂಗಾರೆ ಕೇಳ್ಕಳಿ ನಿಮ್ಮಿಷ್ಟ," ಎಂದು ಅವರು ಸೋತವರಂತೆ ಒಳಗೆ ತಿರುಗಿದರು.

"ಅಂದಂಗೆ, ಬಾವಲಿ ಹಕ್ಕಿ ಅಲ್ವಂತೆ ಕಣೇ."

ಕೆಂಪಲಕ್ಷ್ಮಮ್ಮ ನಿಂತಲ್ಲೇ ನಿಂತರು.

"ನೆನ್ನೆ ರದ್ದೀಲಿ ಏಳನೇ ಕ್ಲಾಸಿನ ಪುಸ್ತಕ ಬಂದಿತ್ತು. ಸಸ್ತನಿ ಅಂತ ಎದ್ದು ಕಾಣಂಗೆ ಹಾಕವ್ರೆ. ಹಳೇದು ಹೊಡೆದು ತಿದ್ದಿದೀನಿ. ಇವತ್ತು ಅದನ್ನೇ ಕೇಳೋದು."

"ಇಪ್ಪತ್ತೆರಡು ವರ್ಷ ಸುಮ್ನಿದ್ದು ನೆನ್ನೆ ತಿದ್ದಬೇಕಿತ್ತಾ?"

"ಜ್ಞಾನ ಬಂದಾಗ ಬತ್ತದೆ ಕಣೇ. ನಿಂಗ್ಯಾಕೆ ಸಿಟ್ಟು?"

ಉತ್ತರ ಕೊಡಲು ಸಮಯವಿರಲಿಲ್ಲ. ಬಾಗಿಲಲ್ಲಿ ಗಿಡ್ಡಯ್ಯ, ಅವನ ಹಿಂದೆ ಕೈಚೀಲ ಹಿಡಿದ ಲೋಕೇಶ್, ಲೋಕೇಶನ ತಾಯಿ ಲಕ್ಕಮ್ಮ. ನೀರು, ಬೆಲ್ಲ, ಕುಶಲ ಎಲ್ಲ ಆಯಿತು. ಭವ್ಯಾ ಕಾಫಿ ಕೊಟ್ಟು, ತಲೆ ತಗ್ಗಿಸಿಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಮರಿಯಣ್ಣ ಗಂಟಲು ಸರಿಮಾಡಿಕೊಂಡರು. ಬೇಲೂರ ಗುಡಿ ಕಟ್ಟಿಸಿದವರು ಯಾರು ಎಂದರೆ ಲೋಕೇಶ್ ರಾಜನ ಹೆಸರಿನ ಜೊತೆ ಇಸವಿಯನ್ನೂ ಹೇಳಿದ. ಬೆಳಕಿನ ಪ್ರಶ್ನೆಗೆ ಎಂಟು ನಿಮಿಷ ಎಂದು ಕಾಫಿ ಕೆಳಗಿಡದೆಯೇ ಹೇಳಿದ. ಮರಿಯಣ್ಣನ ಮುಖ ಅರಳುತ್ತ ಹೋಯಿತು, ಅವರ ಹೆಂಡತಿಯ ಎದೆ ಕುಸಿಯುತ್ತ ಹೋಯಿತು. ಮುಂದಿನದು ಬಾವಲಿಯೇ ಇರಬೇಕು.

ಅವರು ಉಪ್ಪಿಟ್ಟಿನ ತಟ್ಟೆ ಹಿಡಿದು ನಡುವೆ ನುಗ್ಗಿದರು.

"ಮೇಷ್ಟ್ರೇ, ನಮ್ಮ ಹಿತ್ತಲ ಮರದಾಗೆ ಬಾವಲಿ ಅವೆ. ನೆನ್ನೆ ಒಂದು ಬಾವಲಿ ಮರೀಗೆ ಹಾಲು ಕುಡುಸ್ತಿತ್ತು. ನಾನೇ ಕಣ್ಣಾರೆ ನೋಡ್ದೆ."

ಲಕ್ಕಮ್ಮ ಉಪ್ಪಿಟ್ಟು ಬಾಯಿಗಿಡುತ್ತಿದ್ದವರು ಕೈ ತಡೆದರು. "ಹೆಣ್ಣಿರೋ ಮನೆ ಹಿತ್ಲಲ್ಲಿ ಬಾವಲಿನಾ? ಅಪಶಕುನ ಅಲ್ವಾ? ಗಿಡ್ಡಯ್ಯ, ಇದನ್ನ ನೀನು ಹೇಳಲೇ ಇಲ್ವಲ್ಲ."

"ಬಾವಲಿ ಇಲ್ಲ ಕಣಮ್ಮ," ಎಂದ ಗಿಡ್ಡಯ್ಯ ಗಾಬರಿಯಿಂದ. "ನಮ್ಮಕ್ಕ ಕಾಗೆ ನೋಡಿರ್ಬೇಕು."

"ಕಾಗೆ ಹಾಲು ಕೊಡ್ತದೇನಯ್ಯ?" ಎಂದರು ಮರಿಯಣ್ಣ.

ಲೋಕೇಶ್ ಕೆಂಪಲಕ್ಷ್ಮಮ್ಮನ ಮುಖ ನೋಡಿದ. ಅವರು ಕಣ್ಣು ಅಗಲಿಸಿ, ತಲೆಯನ್ನು ಒಂದೇ ಸಮ ಆಡಿಸಿದರು. ಕೊಟ್ಟ ಮಾತು ಮರೆತಿಲ್ಲವಷ್ಟೆ ಎಂದು ಈಕೆ ನೆನಪಿಸುತ್ತಿದ್ದಾರೆ ಎಂದು ಅವನು ತಿಳಿದ. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ.

"ನಿಮಗೆಲ್ಲೋ ಭ್ರಮೆ ಆಗಿದೆ ಅಮ್ಮ. ಬಾವಲಿ ಹಾಲು ಕೊಡಲ್ಲ. ಅದು ಹಕ್ಕಿ."

ಕೆಂಪಲಕ್ಷ್ಮಮ್ಮನಿಗೆ ತಟ್ಟೆಯನ್ನು ಅವನ ತಲೆಯ ಮೇಲೆ ಕವುಚುವಷ್ಟು ಸಿಟ್ಟು ಬಂತು. ಮರಿಯಣ್ಣ ನೋಟ್‌ಬುಕ್ಕು ಮುಚ್ಚಿ, ಮತ್ತೆ ತೆರೆದರು.

"ನೀವು ಸೈನ್ಸೇ ತಾನೆ ಪಾಠ ಮಾಡೋದು?"

"ಹೌದು ಸರ್."

"ಮಕ್ಕಳಿಗೂ ಹಕ್ಕಿ ಅಂತಲೇ ಹೇಳ್ತೀರಾ?"

ಲೋಕೇಶ್ ಕಾಫಿ ಲೋಟ ಕೆಳಗಿಟ್ಟ. ಮಕ್ಕಳಿಗೆ ಬೇರೆ ಹೇಳುತ್ತೇನೆ ಎಂದ. ಅದನ್ನು ಕೇಳಿ ಮರಿಯಣ್ಣನಿಗೆ ಇನ್ನೂ ಗೊಂದಲವಾಯಿತು. ಮನೆಗೊಂದು, ಸ್ಕೂಲಿಗೊಂದು ಬಾವಲಿ ಇರುವುದನ್ನು ಅವರು ಯಾವ ಪೊಟ್ಟಣದಲ್ಲೂ ಓದಿರಲಿಲ್ಲ. ಆದರೂ ಹುಡುಗ ಒಳ್ಳೆಯವನಂತೆ ಕಂಡ. ಇನ್ನೊಂದು ಅವಕಾಶ ಕೊಡೋಣವೆಂದು ಈಜಿಪ್ಟಿಗೆ ಹೋದರು.

"ಪಿರಮಿಡ್ಡು ಹೆಂಗೆ ಕಟ್ಟಿದ್ರು?"

"ಕಟ್ಟಲು ಇಪ್ಪತ್ತು ವರ್ಷ ಹಿಡಿಯಿತು. ಒಂದು ಲಕ್ಷ ಆಳುಗಳು ದಿನವೂ..." ಎಂದು ಸಲೀಸಾಗಿ ಹೇಳಿ ಲೋಕೇಶ್ ನಿಲ್ಲಿಸಿದ.

"ದಿನವೂ?"

"ದಿನವೂ. ಅಷ್ಟೇ ಸರ್."

"ದಿನವೂ ಏನು ಮಾಡಿದ್ರು?"

"ಮುಂದೆ ಕಾಗದ ಹರಿದಿದೆ ಸರ್."

ಗಿಡ್ಡಯ್ಯ ಎದ್ದು ಚಪ್ಪಲಿ ಹುಡುಕತೊಡಗಿದ. ಮರಿಯಣ್ಣ ನೋಟ್‌ಬುಕ್ಕಿನ ಹಾಳೆ ತಿರುಗಿಸಿ ನೋಡಿದರು. ಅಲ್ಲಿ ಅವರದೇ ಅಕ್ಷರದಲ್ಲಿ "ಮುಂದೆ ಕಾಗದ ಹರಿದಿದೆ" ಎಂದಿತ್ತು. ಅವರು ಹೆಂಡತಿಯ ಕಡೆ ತಿರುಗಿದರು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ನಾನೇ ಕೊಟ್ಟು ಕಳಿಸಿದ್ದು, ಮಗಳು ಮನೇಲೇ ಮುದುಕಿಯಾಗುವುದನ್ನು ನೋಡಲಾರದೆ ಮಾಡಿದೆ ಎಂದು ಕೆಂಪಲಕ್ಷ್ಮಮ್ಮ ಒಂದೇ ಉಸಿರಿಗೆ ಹೇಳಿಬಿಟ್ಟರು. ಸಂಬಂಧ ಮುರಿಯಿತು ಎಂದುಕೊಂಡು ಅವರ ಕಣ್ಣಲ್ಲಿ ನೀರು ಬಂತು.

ಮರಿಯಣ್ಣ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಎಷ್ಟು ಓದಿದ್ರಿ?" ಎಂದು ಕೊನೆಗೆ ಲೋಕೇಶನನ್ನು ಕೇಳಿದರು.

"ಪೂರ್ತಿ."

"ಎಂಟುನೂರ ನಲವತ್ತೂನಾ?"

"ಎರಡು ಸಲ ಓದಿದೆ ಸರ್."

ಮರಿಯಣ್ಣ ತಮ್ಮ ಪುಸ್ತಕದ ರಟ್ಟು ಸವರಿದರು. "ಇಪ್ಪತ್ತೆರಡು ವರ್ಷದಾಗೆ ಈ ಮನೇಲಿ ಒಬ್ಬರೂ ಇದರ ರಟ್ಟು ತೆಗ್ದು ನೋಡ್ಲಿಲ್ಲ ಮೇಷ್ಟ್ರೇ," ಎಂದರು. ಅದು ನಿಜವೆಂದು ಕೆಂಪಲಕ್ಷ್ಮಮ್ಮನಿಗೂ ಗೊತ್ತಿತ್ತು. ಕದ್ದು ಕೊಟ್ಟಾಗಲೂ ಅವರು ಅದನ್ನು ತೆರೆದಿರಲಿಲ್ಲ. ಅವರಿಗೆ ಮೊದಲ ಸಲ ನಾಚಿಕೆಯಾಯಿತು.

ಲೋಕೇಶ್ ಸಂಕೋಚದಿಂದ ಕೈಚೀಲ ತೆರೆದು ಜೆರಾಕ್ಸ್ ಕಟ್ಟನ್ನು ಹೊರತೆಗೆದ. ಹಾಳೆಹಾಳೆಯಲ್ಲೂ ಕೆಂಪು ಶಾಯಿ.

"ತಪ್ಪು ತಿಳ್ಕೋಬೇಡಿ ಸರ್. ಪೇಪರ್ ಕೈಗೆ ಬಂದ್ರೆ ತಿದ್ದದೆ ಇರೋಕಾಗಲ್ಲ, ಅಭ್ಯಾಸ."

ಮರಿಯಣ್ಣ ಕಟ್ಟನ್ನು ತೆಗೆದುಕೊಂಡರು. ಇಷ್ಟು ಹೊತ್ತು ಪರೀಕ್ಷೆ ಮಾಡುತ್ತಿದ್ದವರು ಈಗ ರಿಸಲ್ಟು ನೋಡಲು ಬಂದ ಹುಡುಗನ ಹಾಗೆ ಕೂತರು.

"ಪಾಸಾ, ಫೇಲಾ?"

"ನಾನೂರ ತೊಂಬತ್ತು ಸರಿ ಇದೆ. ಫಸ್ಟ್ ಕ್ಲಾಸಿಗೆ ಹದಿನಾಲ್ಕು ಕಮ್ಮಿ ಬಿತ್ತು. ಗ್ರೇಸ್ ಹಾಕಿ ಫಸ್ಟ್ ಕ್ಲಾಸ್ ಮಾಡಿದೀನಿ."

ಮರಿಯಣ್ಣ ಮುಖ ಗಂಟಿಕ್ಕಿದರು. "ಗ್ರೇಸ್ ಯಾಕೆ? ನಾನೇನು ಕೇಳಿದ್ನಾ?"

ಲೋಕೇಶ್ ಒಳಬಾಗಿಲ ಕಡೆ ಕಳ್ಳನೋಟ ಹಾಕಿದ. ಮಾತು ಬಂದದ್ದು ಅಡಿಗೆಮನೆಯ ಬಾಗಿಲಿನಿಂದ.

"ಹೋದ ಗುರುವಾರ ಅರಸೀಕೆರೆ ಬಸ್‌ಸ್ಟ್ಯಾಂಡಲ್ಲಿ ನಾನು ಕೇಳ್ದೆ ಕಣಪ್ಪ," ಎಂದಳು ಭವ್ಯಾ.